ಫಾದರ್ ಸಾಲಿಯ ತುತ್ತೂರಿ

ಆ ಕೆಂಪು ಕೋಟನ್ನು ಸ್ವಂತ ಹಿತ್ತಲಲ್ಲಿ ಒಗೆಯುವಂತಿರಲಿಲ್ಲ. ಒಗೆದರೂ ಒಣಹಾಕುವಂತಿರಲಿಲ್ಲ. ಭುಜದ ಮೇಲೆ ಹಳದಿ ಜರಿ, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಹಗ್ಗದ ಮೇಲೆ ಹಾಕಿದರೆ ಗದಗ ರಸ್ತೆಯ ಆ ಓಣಿಗೆ ಓಣಿಯೇ ಬಂದು ಯಾರದು, ಯಾಕೆ ಎಂದು ಕೇಳುತ್ತಿತ್ತು. ಆದ್ದರಿಂದ ದುರಗವ್ವ ಪ್ರತಿ ಸೋಮವಾರ ಗಂಡ ರೈಲ್ವೆ ಕಾರ್ಖಾನೆಗೆ ಹೋದದ್ದೇ ತಡ, ಕೋಟನ್ನು ಹಿಟ್ಟಿನ ಚೀಲದಲ್ಲಿ ತುರುಕಿಕೊಂಡು, ಎರಡು ಮನೆ ಆಚೆಗಿನ ಗುಲ್ಜಾರಬಿಯ ಹಿತ್ತಲಿಗೆ ಓಡುತ್ತಿದ್ದಳು.

"ಎಷ್ಟು ದಿನಾ ಹಿಂಗ ಕಳ್ಳರಾಂಗ ಒಗೀತಿ ದುರಗವ್ವಾ?" ಎಂದು ಗುಲ್ಜಾರಬಿ ನಗುತ್ತಿದ್ದಳು. ಕೋಟು ಅವಳ ಗಂಡ ಇಮಾಮಹುಸೇನನ ಬ್ಯಾಂಡಿನದು. ಅದನ್ನು ತೊಟ್ಟು ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿ ಊದುತ್ತಿದ್ದವನು ದುರಗವ್ವನ ಒಬ್ಬನೇ ಮಗ ಗಂಗಪ್ಪ.

"ಅವರ ನೌಕರಿ ಮುಗಿಯೂತನಕ. ಬರೋ ತಿಂಗಳ ಕಡೀಗೆ ರಿಟೈರ್ ಅಕ್ಕಾರ. ಆಮ್ಯಾಲೆ ನಾನಽ ಹೇಳತೇನಿ."

"ಆಮ್ಯಾಲೆ ಅವರು ದಿನಪೂರ್ತಿ ಮನ್ಯಾಗಽ ಕುಂದರತಾರ. ಆವಾಗ ಕೋಟು ಎಲ್ಲಿ ಒಗೀತಿ? ನನ್ನ ತಲೀಮ್ಯಾಲೆ?"

ದುರಗವ್ವನಿಗೆ ನಗು ಬರಲಿಲ್ಲ. ಆ ವರ್ಷ, ಅಂದರೆ ಅರವತ್ತೈದರ ಬೇಸಿಗೆಯಲ್ಲಿ, ಅವಳಿಗೆ ಕುಂತಲ್ಲಿ ಕುಂದರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗಂಡನಿಗೆ ಗೊತ್ತಾದರೆ ಮನೆ ಎರಡಾಗುತ್ತದೆ ಎಂಬ ಒಂದೇ ಹೆದರಿಕೆ.

ಹೆದರಿಕೆಗೆ ಕಾರಣವೂ ಇತ್ತು. ಗಂಡ ಹುಲಗಪ್ಪನದು ಕುಂದಗೋಳದ ಕಡೆಯ ಹಲಗೆ ಬಾರಿಸುವ ಮನೆತನ. ಊರವರ ಮದುವೆ ಇರಲಿ, ಹೆಣ ಇರಲಿ, ಮುಂದೆ ಮುಂದೆ ಬಾರಿಸುತ್ತ ಹೋಗಬೇಕು. ಕೊನೆಗೆ ಹಿತ್ತಲಿನ ಗೋಡೆಯಾಚೆ ಅರಿವೆ ಹಾಸಿ, ಮೇಲಿನಿಂದ ಬೀಳಿಸಿದ ಊಟವನ್ನು ಕಟ್ಟಿಕೊಂಡು ಬರಬೇಕು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವನು ಹಲಗೆಯನ್ನು ಗೌಡರ ಕಟ್ಟೆಯ ಮೇಲಿಟ್ಟು, ಹೆಂಡತಿಯನ್ನೂ ತಾಯಿ ಅಕ್ಕವ್ವನನ್ನೂ ಕರೆದುಕೊಂಡು ಹುಬ್ಬಳ್ಳಿಗೆ ನಡೆದುಬಂದುಬಿಟ್ಟ. ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಹೊತ್ತ. ಓಣಿಯಲ್ಲಿ ಯಾರದಾದರೂ ಮದುವೆಯ ವಾದ್ಯ ಬಂದರೆ ಎದ್ದು ಬಾಗಿಲು ಹಾಕಿಕೊಳ್ಳುವ ಮನುಷ್ಯ ಅವನು.

ಮಗನನ್ನು ಫಾದರಗಳ ಹೈಸ್ಕೂಲಿಗೆ ಸೇರಿಸಲು ಅವನು ಅಲೆದದ್ದು ಸುಮ್ಮನೆ ಅಲೆದದ್ದಲ್ಲ. ಹನ್ನೊಂದು ಸಲ ಹೋಗಿ ಗೇಟಿನ ಹತ್ತಿರ ನಿಂತ. ಹನ್ನೆರಡನೆಯ ಸಲ ಫಾದರರೇ ಒಳಗೆ ಕರೆದು ಕುರ್ಚಿ ಕೊಟ್ಟರು. ಕುರ್ಚಿಯ ಮೇಲೆ ಕೂತ ಆ ಸುದ್ದಿಯನ್ನು ಅವನು ವರ್ಷಗಟ್ಟಲೆ ಹೇಳಿದ್ದ. ಗಂಗಪ್ಪ ಐವತ್ತೆಂಟರಲ್ಲಿ ಮೆಟ್ರಿಕ್ ಪಾಸಾದ, ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದ, ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದ. ಇಷ್ಟು ಅಪ್ಪನಿಗೆ ಗೊತ್ತು. ಎಂಟನೆಯ ಇಯತ್ತೆಯಲ್ಲಿ ಬ್ರದರ್ ಒಬ್ಬರು ಹುಡುಗನನ್ನು ಶಾಲೆಯ ಬ್ಯಾಂಡಿಗೆ ಹಾಕಿ ಕೈಗೆ ಕಾರ್ನೆಟ್ ಕೊಟ್ಟದ್ದು ಗೊತ್ತಿಲ್ಲ. ಇಂಗ್ಲಿಷಿನ ಹೆಚ್ಚಿನ ಪಾಠ ಎಂದು ಸಂಜೆ ನಿಂತದ್ದೆಲ್ಲ ಬ್ಯಾಂಡಿಗಾಗಿ. ಈಗ ಧಾರವಾಡದ ಮಾಳಮಡ್ಡಿಯ ಶ್ರೀಮಂತರ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಎಂದು ರವಿವಾರ ಹೋಗುವುದೂ ಬ್ಯಾಂಡಿಗಾಗಿಯೇ. ಎರಡೂ ಸುಳ್ಳನ್ನು ಹೊಲಿದುಕೊಟ್ಟವಳು ದುರಗವ್ವ.

"ನಾ ಹೇಳಿಬಿಡತೇನವ್ವಾ," ಎಂದು ಗಂಗಪ್ಪ ಎರಡು ಸಲ ಅಂದಿದ್ದ. "ಸುಳ್ಳು ಹೇಳಿ ಹೇಳಿ ಅನ್ನ ಗಂಟಲಾಗ ಇಳೀವಲ್ಲದು."

"ಹೇಳಿದ್ರ ನಿಮ್ಮಪ್ಪನ ಗಂಟಲಾಗ ಇಳಿಯಾಂಗಿಲ್ಲ. ಸುಮ್ಮನಿರು."

ಗಂಗಪ್ಪನ ನಡಾವಳಿಯೇ ಬೇರೆ ಆಗಿತ್ತು. ಉಣ್ಣುವ ಮುಂಚೆ ಅರೆಗಳಿಗೆ ಕಣ್ಣು ಮುಚ್ಚುವನು. ನೀರು ಕೊಟ್ಟರೆ ತಾಯಿಗೆ "ಥ್ಯಾಂಕ್ಯೂ" ಅನ್ನುವನು. ದುರಗವ್ವ ನಾಚಿಕೊಂಡು ಸೆರಗು ಬಾಯಿಗೆ ಹಿಡಿಯುವಳು. ಹಿರಿಯರು ಒಳಗೆ ಬಂದರೆ ಬಾಯಲ್ಲಿ ತುತ್ತಿದ್ದರೂ ಎದ್ದು ನಿಲ್ಲುವನು. ಏನು ಬೈದರೂ ದನಿ ಏರಿಸುವವನಲ್ಲ. "ಆ ಸಾಲ್ಯಾಗ ಎಲ್ಲಾ ಕಲಿಸಿದ್ರು, ಜಗಳಾಡೋದೊಂದು ಕಲಿಸಲಿಲ್ಲ ನೋಡು," ಎಂದು ಅಜ್ಜಿ ಅಕ್ಕವ್ವ ಕೊರಗುತ್ತಿದ್ದಳು. ಎಂಬತ್ತರ ಮುದುಕಿಗೆ ಹಲ್ಲಿರಲಿಲ್ಲ, ಬಾಯಿ ಮಾತ್ರ ಭದ್ರವಾಗಿತ್ತು.

ಗುಟ್ಟು ಒಡೆದದ್ದು ಮೇ ತಿಂಗಳ ಮೊದಲ ವಾರ, ಶುಕ್ರವಾರ ಸಂಜೆ. ಅಪ್ಪ ಮಗ ಇಬ್ಬರೂ ರೊಟ್ಟಿ, ಝುಣಕ ಮುಂದಿಟ್ಟುಕೊಂಡು ಕೂತಿದ್ದರು. ಹುಲಗಪ್ಪನ ಜೊತೆ ಕೆಲಸ ಮಾಡುವ ಉಳವಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದ. ಪಾಪ, ಒಳ್ಳೆಯ ಮನುಷ್ಯ. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ.

"ಅಲ್ಲೋ ಹುಲಗಪ್ಪಾ, ಇಂಥಾ ಮಗನ್ನ ಇಟ್ಕೊಂಡು ಒಂದಿನಾರೆ ಹೇಳಿದ್ಯಾ? ಮೊನ್ನಿ ರವಿವಾರ ಮಾಳಮಡ್ಡ್ಯಾಗ ವಕೀಲರ ಮನಿ ಮದವಿ ಮೆರವಣಿಗಿ ನೋಡಿದೆ. ಕೆಂಪು ಕೋಟು ಹಾಕ್ಕೊಂಡು ಏನ್ ಊದತಾನೋ ಮಾರಾಯಾ! ಮಂದಿ ದಾರಿ ಬಿಟ್ಟು ನಿಂತಿದ್ರು!"

ಹುಲಗಪ್ಪ ತುತ್ತು ಕೆಳಗಿಟ್ಟ. ಗಂಗಪ್ಪ ಎದ್ದು ನಿಂತ. ಉಳವಪ್ಪ ಒಬ್ಬೊಬ್ಬರ ಮುಖ ನೋಡಿ, "ನಾ ಆಮ್ಯಾಲೆ ಬರ್ತೇನಿ" ಎಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೋದ.

"ಖರೇನಾ?" ಹುಲಗಪ್ಪ ಕೇಳಿದ.

"ಖರೇ ಅಪ್ಪಾ."

"ಎಂದಿನಿಂದ?"

"ಬ್ಯಾಂಡಿನವರ ಜೋಡಿ ಎರಡು ವರ್ಷ ಆತು. ಊದಾಕ ಕಲತದ್ದು ಸಾಲ್ಯಾಗ."

"ಸಾಲ್ಯಾಗ!" ಹುಲಗಪ್ಪ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದ್ದು ನೋಡಿ ಎಲ್ಲ ತಿಳಿಯಿತು. "ಮಂದಿ ಮದವಿ ಮುಂದ ಬಾರಿಸೋದು ತಪ್ಪಲಿ ಅಂತ ನಾ ಆ ಗೇಟಿನ್ಯಾಗ ಹನ್ನೆರಡು ಸಲ ನಿಂತೆ. ಅವರು ನಿನ್ನ ಕೈಯಾಗ ತುತ್ತೂರಿ ಕೊಟ್ಟು ಮತ್ತ ಅಲ್ಲೇ ನಿಂದರಿಸಿದ್ರು. ಛಲೋ ಆತು!"

"ಇದು ಹಲಗಿ ಅಲ್ಲಪ್ಪಾ."

"ಮುಂದ ಹೋಗಾವ ಏನ್ ಹಿಡಕೊಂಡ್ರೇನು?"

ಒಲೆಯ ಮುಂದಿನಿಂದ ಅಕ್ಕವ್ವ ಬಾಯಿ ಹಾಕಿದಳು. "ನಿಮ್ಮಪ್ಪ ಹುಚ್ಚಪ್ಪ ಬಾರಿಸಿದ್ರ ಎತ್ತು ಸೈತ ಕುಣೀತಿದ್ವು. ಮೊಮ್ಮಗನ ಕೈಯಾಗ ಬಂದೈತಿ ಬಿಡು."

"ನೀ ಸುಮ್ಮನಿರಬೇ!"

"ಯಾಕ ಸುಮ್ಮನಿರಲಿ? ನನ್ನ ಗಂಡ ಬಾರಿಸಿದ್ದಕ್ಕ ನೀ ಬೆಳದೀಯೋ, ಗಾಳೀ ಕುಡದು ಬೆಳದಿಲ್ಲ."

ಗಂಗಪ್ಪ ನಿಂತೇ ಇದ್ದ. "ಒಂದು ಮಾತು ಹೇಳತೇನಿ, ಕೇಳಪ್ಪಾ. ಬ್ಯಾಂಡಿನ್ಯಾಗ ಮೂರು ಹುಡುಗರಿಗೆ ಒಂದ ಕಾರ್ನೆಟ್ ಇತ್ತು. ಒಬ್ಬಾವ ಗೋವಾದಾವ, ಒಬ್ಬಾವ ಆಚಾರ್ರ ಹುಡುಗ, ಒಬ್ಬಾವ ನಾನು. ಮೊದಲನೇ ದಿನಾ ನನಗ ಬರೋಬ್ಬರಿ ಊದಾಕ ಬರಲಿಲ್ಲ. ಬ್ರದರ್ ನನ್ನ ಬಾಯಾಗಿಂದ ತಗೊಂಡು, ತಮ್ಮ ಬಾಯಾಗ ಇಟ್ಕೊಂಡು, ಹಿಂಗ ಊದು ಅಂತ ತೋರಿಸಿದ್ರು. ಒರಸಲೂ ಇಲ್ಲ. ಆಮ್ಯಾಲೆ ಆಚಾರ್ರ ಹುಡುಗಗ ಕೊಟ್ರು. ಅವನೂ ಊದಿದ. ಆ ಸಾಲ್ಯಾಗ ಇಂಗ್ಲಿಷ್ ಕಲತೆ, ಗಣಿತ ಕಲತೆ, ಎಲ್ಲಾ ಮರತ್ರೂ ಆ ಒಂದು ದಿನಾ ನಾ ಮರಿಯಾಂಗಿಲ್ಲ."

ದುರಗವ್ವನಿಗೆ ಈ ಸಂಗತಿ ಗೊತ್ತಿರಲಿಲ್ಲ. ಕಣ್ಣು ತುಂಬಿಬಂತು. ಹುಲಗಪ್ಪ ಎದುರಿಗಿದ್ದ ತಾಟನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ ಕೇಳಿದ.

"ಅದು ಸಾಲಿ ಮಾತಾತು. ಮೊನ್ನಿ ಮಾಳಮಡ್ಡ್ಯಾಗ ಊಟಕ್ಕ ಎಲ್ಲಿ ಕುಂದರಸಿದ್ರು?"

ಗಂಗಪ್ಪ ಬಾಗಿಲ ಕಡೆ ನೋಡಿದ.

"ಹೇಳಲೇ. ಸುಳ್ಳು ಹೇಳಬಾರದು ಅಂತ ಕಲಿಸ್ಯಾರಲ್ಲ ನಿಮ್ಮ ಫಾದರು."

"ಹಿತ್ತಲಾಗ. ಚಕ್ಕಡಿ ನಿಂದರಿಸೋ ಕಡೆ."

"ಅಲ್ಲಿಂದ ತಪ್ಪಿಸಾಕಽ ನಾ ಓಡಿಬಂದಿದ್ದೆ," ಎಂದ ಹುಲಗಪ್ಪ. "ಊದೋದು ಬಿಟ್ಟಿನಿ ಅಂತ ಹೇಳು, ಇಲ್ಲಾ ಈ ಹೊಸ್ತಿಲಾ ದಾಟು."

ಗಂಗಪ್ಪ ಎರಡು ಅಂಗಿ, ಒಂದು ಧೋತರ, ಬೂಟಿನ ಪಾಲಿಶು ತೆಗೆದುಕೊಂಡು ಹೊಸ್ತಿಲು ದಾಟಿದ. ಬಹಳ ದೂರವೇನೂ ಹೋಗಲಿಲ್ಲ. ಇಮಾಮಹುಸೇನನ ಪಡಸಾಲೆಯಲ್ಲಿ, ದೊಡ್ಡ ಡೋಲಿನ ಪಕ್ಕ ಚಾಪೆ ಹಾಸಿಕೊಂಡ. ಕಚೇರಿಗೆ ಅಲ್ಲಿಂದಲೇ ಹೋಗಿಬಂದ. ಅಪ್ಪ ಎದುರಿಗೆ ಸಿಕ್ಕರೆ ದಾರಿ ಬಿಟ್ಟು ನಿಲ್ಲುತ್ತಿದ್ದ. ಹುಲಗಪ್ಪ ಅವನನ್ನು ವಿದ್ಯುತ್ ಕಂಬ ನೋಡಿದ ಹಾಗೆ ನೋಡಿ ಹೋಗುತ್ತಿದ್ದ.

ಆ ಮೂರು ವಾರ ದುರಗವ್ವ ಎರಡು ಮನೆಗಳ ನಡುವೆ ತಿರುಗಿ ತಿರುಗಿ ಕಾಲು ಸವೆಸಿಕೊಂಡಳು. ರೊಟ್ಟಿ ಬಡಿಯುವಾಗ ಕೈ ಒಂದು ಕಡೆ, ಕಿವಿ ಒಂದು ಕಡೆ. ಗಂಡ ಎದ್ದು ಹೊರಗೆ ಹೋದರೆ ಸಾಕು, ನಾಲ್ಕು ರೊಟ್ಟಿ, ಪುಂಡಿಪಲ್ಯೆ ಅರಿವೆಯಲ್ಲಿ ಸುತ್ತಿಕೊಂಡು ಓಡುವಳು. ಒಂದು ಮುಂಜಾನೆ ಹುಲಗಪ್ಪ ಬುಟ್ಟಿಯೊಳಗೆ ಇಣುಕಿ ನೋಡಿ, "ರೊಟ್ಟಿ ಎರಡು ಹೆಚ್ಚಿಗಿ ಬಡಿ. ಕಡಿಮಿ ಬೀಳಾಕತ್ತಾವು," ಎಂದ. ಅವಳು ಕಕ್ಕಾಬಿಕ್ಕಿಯಾದಳು. ಗೊತ್ತಿದ್ದೇ ಅಂದನೋ, ಹಸಿವೆಯಿಂದ ಅಂದನೋ, ಕೇಳುವ ಧೈರ್ಯವಾಗಲಿಲ್ಲ.

ಇದರ ಮೇಲೆ ಇನ್ನೊಂದು ತಾಪತ್ರಯ. ರಿಟೈರಾದವನಿಗೆ ಹಾರ ಹಾಕಿ, ಗುಲಾಲು ಹಚ್ಚಿ, ಕಾರ್ಖಾನೆಯ ಗೇಟಿನಿಂದ ಬ್ಯಾಂಡ್ ಬಾರಿಸುತ್ತ ಮನೆ ಮುಟ್ಟಿಸುವುದು ಅಲ್ಲಿಯ ಕೆಲಸಗಾರರ ಪದ್ಧತಿ. ತನಗೆ ಬ್ಯಾಂಡು ಬೇಡವೆಂದು ಹುಲಗಪ್ಪ ಹೇಳಿದ್ದ. ಉಳವಪ್ಪ ಕೇಳಬೇಕಲ್ಲ? "ಎಲ್ಲಾರಿಗೂ ಮಾಡೇವಿ, ನಿನ್ನ ಹೆಂಗ ಸುಮ್ಮನ ಕಳಿಸೋದು?" ಎಂದು ಎಲ್ಲರಿಂದ ರೊಕ್ಕದ ಪಟ್ಟಿ ಎತ್ತಿದ. ತನ್ನ ಬಾಯಿಂದ ಮುರಿದ ಮನೆಯನ್ನು ತಾನೇ ಕೂಡಿಸುತ್ತೇನೆ ಎಂಬ ಹುರುಪಿನಲ್ಲಿ ಇಮಾಮಹುಸೇನನ ಬ್ಯಾಂಡನ್ನೇ ಗೊತ್ತುಮಾಡಿಬಿಟ್ಟ.

ಸುದ್ದಿ ಕೇಳಿದ ದುರಗವ್ವ ಹಿಟ್ಟಿನ ಕೈಯಲ್ಲೇ ಓಡಿದಳು.

"ಅಣ್ಣಾ, ನಿಮ್ಮ ಕಾಲಿಗೆ ಬೀಳತೇನಿ. ಅವತ್ತೊಂದಿನಾ ಅವನ್ನ ಬಿಟ್ಟು ಹೋಗ್ರಿ."

ಇಮಾಮಹುಸೇನ ಡೋಲಿನ ಹಗ್ಗ ಬಿಗಿಯುತ್ತಿದ್ದ. "ಅವನ್ನ ಬಿಟ್ರ ನಮ್ಮ ಬ್ಯಾಂಡಿನ್ಯಾಗ ಬರೇ ಗದ್ದಲ ಉಳೀತೈತವಾ. ನೀನಽ ನಿನ್ನ ಮಗಗ ಹೇಳು."

ಗಂಗಪ್ಪ ಬೂಟು ಒರೆಸುತ್ತ ಕೂತಿದ್ದ. ತಾಯಿಯನ್ನು ನೋಡಿ ಎದ್ದು ನಿಂತ.

"ನಿಂದರಬ್ಯಾಡ, ಕುಂದ್ರು! ಅವತ್ತು ಬರಬ್ಯಾಡೋ ತಮ್ಮಾ. ಇಡೀ ಕಾರ್ಖಾನಿ ಮುಂದ ಹಾರ ಕಿತ್ತು ಒಗೀತಾರ ಅವರು."

"ಒಗೀಲಿ. ನಾ ಬರಾಂವ." ಅವನ ದನಿ ಅಂದು ಮೊದಲ ಸಲ ಏರಿತು. "ಯಾರ್ಯಾರದೋ ಮದವ್ಯಾಗ ಊದೇನಿ. ಹೆಸರು ಗೊತ್ತಿಲ್ಲದವರ ಮುಂದ ಊದೇನಿ. ನಮ್ಮಪ್ಪ ಮೂವತ್ತನಾಲ್ಕು ವರ್ಷ ಕಬ್ಬಿಣ ಹೊತ್ತು ಹೊರಗ ಬರಾಕತ್ತಾನ, ಅವಗ ಬ್ಯಾರೆ ಯಾರೋ ಊದಬೇಕೇನು? ಆಗಂಗಿಲ್ಲಬೇ!"

ಮೂವತ್ತೊಂದನೆಯ ತಾರೀಖು ಬಂದೇ ಬಂತು. ಹೆಂಗಸರು ಮನೆಯಲ್ಲಿ ಆರತಿ ಹಿಡಿದು ಕಾಯಬೇಕು, ಆದರೆ ದುರಗವ್ವನಿಗೆ ಒಳಗೆ ನಿಲ್ಲಲಾಗಲಿಲ್ಲ. ಗೋದಿ ಹುಗ್ಗಿಯ ಪಾತ್ರೆಯನ್ನು ಅತ್ತೆಗೆ ಒಪ್ಪಿಸಿ, ಗುಲ್ಜಾರಬಿಯನ್ನು ಎಳೆದುಕೊಂಡು ಕಾರ್ಖಾನೆಯ ಗೇಟಿಗೆ ಹೋದಳು. ಐದಕ್ಕೆ ಕೆಲಸ ಬಿಡುವ ಭೋಂಗಾ ಕೂಗಿತು. ಗುಂಪಿನ ನಡುವೆ ಹುಲಗಪ್ಪ ಬಂದ. ಕುತ್ತಿಗೆ ಮುಳುಗುವಷ್ಟು ಹಾರ, ಕೆನ್ನೆಗೆ ಗುಲಾಲು, ತಲೆಗೆ ಹೊಸ ಪಟಕ. ಇಮಾಮಹುಸೇನ ಡೋಲು ಬಡಿದ. ಕಾರ್ನೆಟ್ ದನಿ ಎತ್ತಿತು.

ಹುಲಗಪ್ಪ ಗಕ್ಕನೆ ನಿಂತ. ಹಿಂದಿನವರು ಬಂದು ಅವನ ಬೆನ್ನಿಗೆ ಬಡಿದರು. ವಾದ್ಯಗಳು ಒಂದೊಂದಾಗಿ ನಿಂತವು. ಕೊನೆಗೆ ಕಾರ್ನೆಟ್ ನಿಂತಿತು. ಹುಲಗಪ್ಪ ಗುಂಪು ಬಿಟ್ಟು ನೇರವಾಗಿ ಮಗನ ಎದುರಿಗೆ ಹೋದ. ದುರಗವ್ವ ಗುಲ್ಜಾರಬಿಯ ತೋಳನ್ನು ಉಗುರು ಇಳಿಯುವಷ್ಟು ಹಿಡಿದಳು.

"ಎಷ್ಟಕ್ಕ ಮಾತಾಡಿದಿ?" ಹುಲಗಪ್ಪ ಕೇಳಿದ.

"ಏನಪ್ಪಾ?"

"ಇವತ್ತಿನ ನಿನ್ನ ಪಗಾರ. ಎಷ್ಟು?"

"ಇವತ್ತು ನಾ ಏನೂ ತಗೊಳ್ಳಾಂಗಿಲ್ಲ. ನಿನಗಂತ ಬಂದೇನಿ."

"ಬಿಟ್ಟಿ?" ಹುಲಗಪ್ಪನ ಮೋರೆ ಬಿಗಿದುಕೊಂಡಿತು. "ನಿಮ್ಮಜ್ಜ ಬಿಟ್ಟಿ ಬಾರಿಸಿದ. ನಾ ಬಿಟ್ಟಿ ಬಾರಿಸಿದೆ. ನೀ ಬಿಟ್ಟಿ ಊದಬ್ಯಾಡ. ದೇವರು ಬಂದ್ರೂ ಊದಬ್ಯಾಡ, ನಿಮ್ಮಪ್ಪಗ ಸೈತ ಊದಬ್ಯಾಡ! ಉಳವಪ್ಪಾ, ಇವಂದು ಎಷ್ಟೈತಿ ಈಗಽ ಕೊಡು. ಇಲ್ಲಾಂದ್ರ ನಾ ಇಲ್ಲಿಂದ ಅಳ್ಳಾಡಾಂಗಿಲ್ಲ."

ಉಳವಪ್ಪ ಗಾಬರಿಯಾಗಿ ಕಿಸೆಯೆಲ್ಲ ತಡಕಾಡಿ ಐದು ರೂಪಾಯಿಯ ನೋಟು ತೆಗೆದ. ಗಂಗಪ್ಪ ಅಪ್ಪನ ಮುಖ ನೋಡಿದ, ನೋಟು ನೋಡಿದ, ಇಸಕೊಂಡು ಕೋಟಿನ ಕಿಸೆಯಲ್ಲಿಟ್ಟ. ರೂಢಿಯ ಬಾಯಿ, "ಥ್ಯಾಂಕ್ಯೂ" ಅಂದುಬಿಟ್ಟ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು.

"ಹಂ, ಊದು ಈಗ," ಎಂದ ಹುಲಗಪ್ಪ, ನಗದೆ.

ಮನೆ ಮುಟ್ಟಿದ ಮೇಲೆ ಕಾರ್ಖಾನೆಯ ಹಿರಿಯರು ಪಡಸಾಲೆಯಲ್ಲಿ ಊಟಕ್ಕೆ ಕೂತರು. ಬ್ಯಾಂಡಿನವರು ಯಾರೂ ಹೇಳದೆಯೇ ಓಣಿಯಾಚೆ ಬೇವಿನ ಗಿಡದ ಕೆಳಗೆ ಹೋಗಿ ಕೂತರು, ಗಂಗಪ್ಪನೂ ಅವರ ಜೊತೆ. ಹುಲಗಪ್ಪ ಬಾಗಿಲಲ್ಲಿ ನಿಂತು ನೋಡಿದ.

"ಅಲ್ಲಿ ಯಾಕ ಕುಂತಾರ ಅವರು?"

"ದಿನಾ ಅಲ್ಲೇ ಕುಂದರೋ ರೂಢಿ ರೀ," ಎಂದಳು ಗುಲ್ಜಾರಬಿ.

"ನನ್ನ ಮನ್ಯಾಗ ಆ ರೂಢಿ ಇಲ್ಲ. ಇಮಾಮಹುಸೇನ, ಎಲ್ಲಾರನ್ನೂ ಕರಕೊಂಡು ಒಳಗ ಬಾ. ಸರೀರಿ, ಜಾಗಾ ಮಾಡ್ರಿ. ಲೇ ಗಂಗಪ್ಪಾ, ನಿನಗ ಬ್ಯಾರೆ ಹೇಳಬೇಕೇನು?"

ದುರಗವ್ವ ಸೌಟಿನ ಹುಗ್ಗಿಯನ್ನು ಪಾತ್ರೆಗೇ ಸುರಿದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಳಬ್ಯಾಡಬೇ, ನೀಡು," ಎಂದು ಅಕ್ಕವ್ವ ಗದರಿಸಿದಳು. ಎಲ್ಲರ ಊಟ ಮುಗಿಯುತ್ತ ಬಂದಾಗ ಹುಲಗಪ್ಪ ಮಗನಿಗೆ ಒಂದೇ ಮಾತು ಹೇಳಿದ. "ಊದು. ಆದ್ರ ಹಿತ್ತಲಾಗ ಉಣ್ಣಬ್ಯಾಡ."

ಕಥೆ ಇಲ್ಲಿಗೆ ಮುಗಿದು ಎಲ್ಲರೂ ಸುಖವಾಗಿದ್ದರು ಅನ್ನುವಂತಿದ್ದರೆ ಎಷ್ಟು ಛಲೋ ಇತ್ತು! ರಿಟೈರಾದ ಹುಲಗಪ್ಪನಿಗೆ ಮನೆಯಲ್ಲಿ ಕೂತು ಗೊತ್ತಿಲ್ಲ. ಭೋಂಗಾ ಕೂಗಿದ ಕೂಡಲೆ ಎದ್ದು ಪಟಕ ಸುತ್ತುವನು, ಮತ್ತೆ ಬಿಚ್ಚಿಡುವನು. ಒಂದು ವಾರ ಹೀಗೆ ಚಡಪಡಿಸಿ, ಕೊನೆಗೆ ಇಮಾಮಹುಸೇನನ ಬಾಗಿಲ ಮುಂದಿನ ಕಟ್ಟಿಗೆಯ ಬಾಕಿನ ಮೇಲೆ ಹೋಗಿ ಕೂರತೊಡಗಿದ. ಬ್ಯಾಂಡು ಗೊತ್ತುಮಾಡಲು ಬಂದವರೆಲ್ಲ ಅವನನ್ನು ದಾಟಿಯೇ ಹೋಗಬೇಕಾಯಿತು.

ಜೂನ್ ತಿಂಗಳ ಒಂದು ರವಿವಾರ ದುರಗವ್ವ ಚಹಾ ಒಯ್ದಾಗ ಅಮರಗೋಳದ ಇಬ್ಬರು ಬಂದು ನಿಂತಿದ್ದರು. ಆಷಾಢ ಬರುವ ಮುಂಚೆ ಮಗಳ ಮದುವೆ ಮುಗಿಸುವ ಅವಸರ ಅವರಿಗೆ.

"ಕಾರ್ನೆಟ್ ಊದೋ ಹುಡುಗ ಬರಬೇಕು ನೋಡ್ರಿ. ದುಡ್ಡಿಗೆ ನಾವು ಹಿಂದ ಮುಂದ ನೋಡೋ ಪೈಕಿ ಅಲ್ಲ."

"ಬರತಾನ," ಎಂದ ಹುಲಗಪ್ಪ. "ಬ್ಯಾಂಡಿನವರಿಗೆ ಎಲೀ ಎಲ್ಲಿ ಹಾಕತೀರಿ?"

"ಅದರ ಕಾಳಜಿ ಬಿಡ್ರಿ. ಎತ್ತು ಕಟ್ಟೋ ಕಡೆ ಜಾಗಾ ಐತಿ. ತಂಪು ನೆರಳು."

"ನೆರಳು ಎತ್ತಿಗಿರಲಿ. ಬೀಗರು ಕುಂದರೋ ಸಾಲಿನ್ಯಾಗ ಎಂಟು ಎಲೀ ಹಾಕೋದಾದ್ರ ಹೇಳ್ರಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮನೆಯ ಹಿರಿಯರನ್ನು ಕೇಳಿಬರುತ್ತೇವೆಂದು ಚಹಾ ಕುಡಿಯದೆ ಹೊರಟರು.

"ಮೂರನೇ ಮದವಿ ಹೋತು ಇದು!" ಇಮಾಮಹುಸೇನ ತಲೆ ಮೇಲೆ ಕೈ ಹೊತ್ತುಕೊಂಡ. "ಅಣ್ಣಾ, ನೀ ಕಾರ್ಖಾನಿಗೇ ವಾಪಸ್ ಹೋಗಿಬಿಡು."

ಗಂಗಪ್ಪ ಕೋಟಿಲ್ಲದೆ, ಬರೀ ಅಂಗಿಯಲ್ಲಿ, ಕಾರ್ನೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೂರು ರವಿವಾರ ಅದು ಬಾಯಿ ಮುಟ್ಟಿರಲಿಲ್ಲ. ಬೆರಳು ಸುಮ್ಮನಿರದೆ ಅದರ ಗುಂಡಿಗಳ ಮೇಲೆ ಆಡುತ್ತಿದ್ದವು.

"ಅಪ್ಪಾ, ನೀ ಹೇಳೋದು ಖರೇ ಐತಿ. ಆದ್ರ ಹಿಂಗಾದ್ರ ನಾ ಎಲ್ಲಿ ಊದಲಿ?"

ಹುಲಗಪ್ಪ ಬಾಕಿನ ಮೇಲೆ ಸರಿದು ಜಾಗ ಮಾಡಿದ.

"ಇಲ್ಲಿ ಊದು. ನಾ ಬಾಗಿಲಾ ಹಾಕ್ಕೊಂಡಽ ಇಷ್ಟು ವರ್ಷ ಕಳದೆ. ಅವತ್ತು ಗೇಟಿನ್ಯಾಗೂ ಸಿಟ್ಟಿನ್ಯಾಗಽ ನಡದುಬಂದೆ, ಕಿವಿಗೆ ಏನೂ ಬೀಳಲಿಲ್ಲ. ನಿಂದು ಒಂದು ಸಲಾನೂ ಕೇಳಿಲ್ಲಲೇ ನಾ."

ಗಂಗಪ್ಪ ಅಪ್ಪನ ಪಕ್ಕ ಕೂತು ಊದತೊಡಗಿದ. ಓಣಿಯ ತಿರುವಿನಲ್ಲಿ ಅಮರಗೋಳದವರು ನಿಂತದ್ದು ದುರಗವ್ವನಿಗೆ ಕಂಡಿತು. ಒಬ್ಬ ವಾಪಸು ಬರಲು ತಿರುಗಿದ, ಇನ್ನೊಬ್ಬ ಅವನ ತೋಳು ಹಿಡಿದು ಎಳೆದ. ಹುಲಗಪ್ಪ ಆ ಕಡೆ ನೋಡಲೂ ಇಲ್ಲ.